ಮಗಳು ತುಳಿದ ದ್ರಾಕ್ಷಿ

ಹಳೆ ಬಟ್ಟೆಗೆ ಇನ್ನೊಂದು ಜನ್ಮ ಕೊಡುವುದು ಗುಂಡಿಯಮ್ಮನ ಕಸುಬು. ಹೊಸ ಬಟ್ಟೆ ಹೊಲಿಯುವವರು ಆ ಬೀದಿಯಲ್ಲಿ ಇನ್ನೂ ಇಬ್ಬರಿದ್ದರು. ಆದರೆ ಸವೆದ ಕಾಲರನ್ನು ಬಿಚ್ಚಿ ಮಗುಚಿ ಹಾಕಬೇಕೆಂದರೆ, ಹೊಟ್ಟೆ ಬಂದವನ ಪ್ಯಾಂಟಿನ ಸೊಂಟ ಬಿಡಿಸಬೇಕೆಂದರೆ, ಅಣ್ಣನ ಕೋಟನ್ನು ತಮ್ಮನ ಅಳತೆಗೆ ಇಳಿಸಬೇಕೆಂದರೆ ಜನ ಹುಡುಕಿಕೊಂಡು ಬರುತ್ತಿದ್ದುದು ಬೀಗ ರಿಪೇರಿಯವನ ಪಕ್ಕದ ಈ ಎಂಟಡಿ ಅಗಲದ ಅಂಗಡಿಗೇ. ಗೋಡೆಯುದ್ದಕ್ಕೂ ಗಾಜಿನ ಭರಣಿಗಳು, ಭರಣಿಗಳ ತುಂಬ ಗುಂಡಿಗಳು. ಹೆಸರು ಬಂದದ್ದೇ ಹಾಗೆ. ಗಂಡ ಲಿಫ್ಟ್ ಮೆಕ್ಯಾನಿಕ್. ಹೊಸಬರು ಯಾರೇ ಸಿಕ್ಕಲಿ, ಅವನು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: "ನಮ್ಮದು ಗುಂಡಿ ಸಂಸಾರ. ನಾನು ಒತ್ತೋ ಗುಂಡಿ, ಇವಳು ಹಾಕೋ ಗುಂಡಿ."

ಎಂಟು ವರ್ಷದ ಹಿಂದೆ ಅವನು ಲಿಫ್ಟಿನ ಬುಡದ ಗುಂಡಿಗೆ ಜಾರಿ ಬಿದ್ದು ತಲೆಯ ಹಿಂಭಾಗಕ್ಕೆ ಏಟು ಮಾಡಿಕೊಂಡ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಮೊದಲು ಹೇಳಿದ್ದು, "ಮೂರನೇ ಗುಂಡಿ ಒಂದು ಬಾಕಿ ಇತ್ತು, ಅದೂ ಆಯ್ತು" ಅಂತ. ಗಾಯ ಮಾಯಿತು, ಮೂಗು ಮಾತ್ರ ಸತ್ತೇಹೋಯಿತು. ಉಪ್ಪು, ಹುಳಿ, ಸಿಹಿ, ಕಹಿ ಇಷ್ಟನ್ನು ನಾಲಿಗೆ ಹೇಳುತ್ತಿತ್ತು. ಉಳಿದದ್ದನ್ನೆಲ್ಲ ಪಕ್ಕದಲ್ಲಿ ಕೂತವರು ಹೇಳಬೇಕು. ಊಟಕ್ಕೆ ಕೂತಾಗ "ಹೇಗಿದೆ ಹೇಳು" ಎಂದು ಅವನು ಕೇಳುವುದು, ಗುಂಡಿಯಮ್ಮ ತುತ್ತು ತುತ್ತಿಗೂ ವರದಿ ಒಪ್ಪಿಸುವುದು, ಇದು ಮನೆಯ ರೂಢಿಯೇ ಆಗಿಹೋಗಿತ್ತು. ಕೆಲಸದಿಂದ ನಿವೃತ್ತನಾದ ಮೇಲಂತೂ ದಿನಕ್ಕೆ ಹತ್ತು ಸಲ.

ಬೀದಿಯಲ್ಲಿ ಗುಂಡಿಯಮ್ಮನಿಗೆ ಒಳ್ಳೆ ಹೆಸರಿತ್ತು. ಗಿರಾಕಿಗಳು ಜೇಬಿನಲ್ಲಿ ಮರೆತ ಉಂಗುರ, ಔಷಧಿ ಚೀಟಿ, ಪ್ರೇಮಪತ್ರ, ಎಲ್ಲವನ್ನೂ ಲಕೋಟೆಗೆ ಹಾಕಿ, ಹೊರಗೆ ಹೆಸರು ಬರೆದು, ಮುಟ್ಟಿಸುತ್ತಿದ್ದಳು. ಬೀಗದವನು ತನ್ನ ಗಿರಾಕಿಗಳಿಗೆ ಹೇಳುವುದಿತ್ತು: ಜಗತ್ತಿನಲ್ಲಿ ಎಲ್ಲರೂ ಈಯಮ್ಮನ ಹಾಗಿದ್ದಿದ್ದರೆ ನಾನು ಉಪವಾಸ ಬೀಳುತ್ತಿದ್ದೆ ಎಂದು. ಅದನ್ನು ಕೇಳಿದವರು ನಗುತ್ತಿದ್ದರು. ಗುಂಡಿಯಮ್ಮ ಮಾತ್ರ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾವು ಕಂಡಿದ್ದೇವೆ. ಇವಳದ್ದು ಅದಕ್ಕಿಂತ ಕಷ್ಟ. ಒಳ್ಳೆಯವಳು ಅಂದರೆ ಸಾಕು, ಹೆಗಲು ಭಾರವಾಗುತ್ತಿತ್ತು.

ಯಾಕೆಂದರೆ ಇಪ್ಪತ್ತೊಂದು ವರ್ಷದ ಹಿಂದೆ ಅವಳು ಒಂದು ಕೆಲಸ ಮಾಡಿದ್ದಳು.

ಆ ಮನೆಗೆ ಅವಳು ಎರಡನೆಯ ಹೆಂಡತಿಯಾಗಿ ಬಂದಾಗ ಮೂವತ್ತಾರು ವರ್ಷ. ಮೊದಲ ಹೆಂಡತಿ ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುತ್ತಿದ್ದವಳು, ಮೂವತ್ಮೂರಕ್ಕೇ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ಬಿಟ್ಟುಹೋದದ್ದು ಒಬ್ಬ ಮಗಳು, ಗೋಡೆ ತುಂಬ ಪುಸ್ತಕ, ನೆಲಮಾಳಿಗೆಯಲ್ಲಿ ಆರು ಬಾಟಲಿ ಬಿಳಿ ವೈನ್. ವೈನ್ ಅವಳೇ ಮಾಡಿದ್ದು. ಹಿತ್ತಲ ಗೋಡೆಗೆ ಹಬ್ಬಿದ್ದ ಬಳ್ಳಿಯಿಂದ ವರ್ಷಕ್ಕೆ ಹತ್ತು ಹನ್ನೆರಡು ಬಾಟಲಿ ಇಳಿಸುತ್ತಿದ್ದಳಂತೆ. ಲೈಬ್ರರಿಯವಳಲ್ಲವೇ, ಪ್ರತಿ ಬಾಟಲಿಗೂ ಚೀಟಿ ಅಂಟಿಸಿ, ಇಸವಿ ಬರೆದು, ಕೆಳಗೆ ಒಂದು ಸಾಲು ಷರಾ ಹಾಕುವ ಅಭ್ಯಾಸ. ಅವಳು ಹೋದ ಮೇಲೆ ಎರಡು ವರ್ಷದ ದುಃಖದಲ್ಲಿ ಗಂಡ ಹಳೆಯವನ್ನೆಲ್ಲ ಒಂದೊಂದಾಗಿ ಕುಡಿದು ಮುಗಿಸಿದ್ದ. ಕೊನೆಯ ವರ್ಷದ ಆರನ್ನು ಮಾತ್ರ ಮುಟ್ಟಿರಲಿಲ್ಲ. ಆರರ ಮೇಲೂ ಒಂದೇ ಷರಾ: "ಮಗಳು ತುಳಿದದ್ದು. ಅವಸರ ಬೇಡ."

ಮದುವೆಯಾಗಿ ಬಂದ ದಿನ ಅವನು ಹೊಸ ಹೆಂಡತಿಗೆ ಅಡುಗೆಮನೆ ತೋರಿಸಿದ, ಅಟ್ಟ ತೋರಿಸಿದ, ಹದಿನಾಲ್ಕು ಮೆಟ್ಟಿಲು ಇಳಿಸಿ ನೆಲಮಾಳಿಗೆಯನ್ನೂ ತೋರಿಸಿದ. ಒಂದು ಮೂಲೆಯಲ್ಲಿ ಮನೆಯನ್ನೆಲ್ಲ ಬೆಚ್ಚಗಿಡುವ ಬಾಯ್ಲರ್. ಅದಕ್ಕೆ ದೂರವಾಗಿ, ತಣ್ಣನೆಯ ಕಲ್ಲಿನ ಗೋಡೆಗೆ ಒರಗಿಸಿದ ಮರದ ಚೌಕಟ್ಟಿನಲ್ಲಿ ಮಲಗಿದ್ದ ಬಾಟಲಿಗಳು. "ಇದಕ್ಕೆ ಬಿಸಿ ಆಗಲ್ಲ, ಬೆಳಕಾಗಲ್ಲ, ಅಲ್ಲಾಡಿಸಿದ್ರೂ ಆಗಲ್ಲ," ಎಂದ. "ಮಗಳಿಗೆ ಅಂತ ಇಟ್ಟಿರೋದು. ಅವಳು ಕೇಳಿದ ದಿನ ತೆಗೆಯೋದು." ಆರು ವರ್ಷದ ಹುಡುಗಿಯನ್ನು ತೊಟ್ಟಿಯಲ್ಲಿ ನಿಲ್ಲಿಸಿ, ತಾಯಿ ಎರಡೂ ಕೈ ಹಿಡಿದುಕೊಂಡು ದ್ರಾಕ್ಷಿ ತುಳಿಸಿದ್ದು, ಕಾಲಿಗೆ ತಣ್ಣಗಾಗಿ ಮಗು ಕಿಲಕಿಲ ನಗುತ್ತ ಕುಣಿದದ್ದು, ಇದನ್ನೆಲ್ಲ ಅವತ್ತೇ ಹೇಳಿದ. ಆಮೇಲೆ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ.

ಮಗಳಿಗೆ ಆಗ ಒಂಬತ್ತು. ಜಗಳಗಂಟಿಯಲ್ಲ, ಹಟಮಾರಿಯಲ್ಲ. ಕೊಟ್ಟದ್ದನ್ನು ಉಣ್ಣುತ್ತಿದ್ದಳು, ಹೇಳಿದ ಹೊತ್ತಿಗೆ ಮಲಗುತ್ತಿದ್ದಳು. ಆದರೆ ಗುಂಡಿಯಮ್ಮನನ್ನು ಏನೆಂದೂ ಕರೆಯುತ್ತಿರಲಿಲ್ಲ. ಬೇಕಾದಾಗ ಹತ್ತಿರ ಬಂದು ನಿಂತು, "ಇಲ್ನೋಡಿ" ಎನ್ನುತ್ತಿದ್ದಳು. ಮೂರು ವರ್ಷ "ಇಲ್ನೋಡಿ" ಆಗಿಯೇ ಗುಂಡಿಯಮ್ಮ ಆ ಮನೆಯಲ್ಲಿ ಬಾಳಿದಳು.

ಮೂರನೇ ವರ್ಷ ಚಳಿ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಅವಳು ನೆಲಮಾಳಿಗೆ ಗುಡಿಸುತ್ತಿದ್ದಳು. ಬಾಟಲಿಯೊಂದನ್ನು ಎತ್ತಿ ಧೂಳು ಒರೆಸಲು ಹೋದಾಗ ಮೇಲಿನ ಮೆಟ್ಟಿಲಿನಿಂದ ಹುಡುಗಿಯ ದನಿ ಬಂತು. "ಅದನ್ನ ನೀವು ಮುಟ್ಟಬೇಡಿ." ಕೂಗಿ ಹೇಳಲಿಲ್ಲ, ಮೆಲ್ಲಗೇ ಹೇಳಿದಳು. ಗುಂಡಿಯಮ್ಮ ಬಾಟಲಿಯನ್ನು ಇದ್ದಲ್ಲೇ ಇಟ್ಟಳು. ರಾತ್ರಿ ಊಟದ ಹೊತ್ತಿಗೆ ಗಂಡನ ಕಿವಿಗೂ ಹಾಕಿದಳು. ಅವನು ಮಗಳಿಗೆ ಒಂದು ಮಾತು ಹೇಳಿಯಾನು ಎಂದು ಕಾದಳು. ಅವನು ಹೇಳಿದ್ದು ಇವಳಿಗೇ: "ಹೋಗ್ಲಿ ಬಿಡು. ಅದೊಂದನ್ನ ಬಿಟ್ಟು ಮನೆಯೆಲ್ಲ ನಿಂದೇ ಅಲ್ವಾ."

ಸಮಾಧಾನಕ್ಕೆಂದು ಆಡಿದ ಮಾತು. ಅದೇ ಮುಳ್ಳಾಯಿತು. ಅದೊಂದನ್ನು ಬಿಟ್ಟು ಎಂದರೆ ಉಳಿದದ್ದೆಲ್ಲ ಏನು, ಪಾತ್ರೆ, ಪೊರಕೆ, ಬಾಯ್ಲರ್ ತಾನೇ ಎಂದು ಅವಳಿಗೆ ಅನ್ನಿಸಿತು.

ಆ ಚಳಿಗಾಲ ಗಂಡನಿಗೆ ಬೇರೆ ಊರಿನಲ್ಲಿ ಕಟ್ಟುತ್ತಿದ್ದ ಎತ್ತರದ ಕಟ್ಟಡದ ಲಿಫ್ಟ್ ಕೆಲಸ. ವಾರಕ್ಕೊಮ್ಮೆ ಬಂದು, ಬಟ್ಟೆ ಬದಲಿಸಿ, ನಿದ್ದೆ ಮಾಡಿ ಹೋಗುತ್ತಿದ್ದ. ಒಂದು ಬೆಳಿಗ್ಗೆ, ಹುಡುಗಿ ಶಾಲೆಗೆ ಹೋದ ಮೇಲೆ, ಗುಂಡಿಯಮ್ಮ ನೆಲಮಾಳಿಗೆಗೆ ಇಳಿದಳು. ಆರೂ ಬಾಟಲಿಗಳನ್ನು ತೆಗೆದು, ಒಂದೊಂದನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಬಾಯ್ಲರ್ ಮೇಲಿದ್ದ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದಳು. ಖಾಲಿಯಾದ ಮರದ ಚೌಕಟ್ಟಿನಲ್ಲಿ ಗಿರಾಕಿಗಳ ಚಳಿಗಾಲದ ಕೋಟುಗಳನ್ನು ಮಡಿಸಿಟ್ಟಳು. ಅಂಗಡಿಯಲ್ಲಿ ಜಾಗವಿಲ್ಲ, ಅದಕ್ಕೇ ಹೀಗೆ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಅಂಗಡಿಯಲ್ಲಿ ಜಾಗವಿತ್ತು. ಅದು ಅವಳಿಗೆ ಗೊತ್ತಿತ್ತು.

ಒಂದು ದಿನದ ಸಿಟ್ಟಿನಲ್ಲಿ ಮಾಡಿ ಮರುದಿನ ಸರಿಪಡಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಬಾಟಲಿಗಳು ಅಲ್ಲಿ ಐದು ತಿಂಗಳು ಇದ್ದವು. ದಿನಾ ಬೆಳಿಗ್ಗೆ ಬಾಯ್ಲರ್ ನೋಡಲು ಅವಳೇ ಇಳಿಯಬೇಕು. ಇಳಿದಾಗೆಲ್ಲ ಒಂದು ಬಾಟಲಿಯ ಕುತ್ತಿಗೆ ಮುಟ್ಟಿ ನೋಡುತ್ತಿದ್ದಳು. ಜ್ವರ ಬಂದ ಮಗುವಿನ ಮೈಯಷ್ಟು ಬಿಸಿ. ಮುಟ್ಟಿ, ಕೈ ಒರೆಸಿಕೊಂಡು, ಮೇಲೆ ಹತ್ತಿ, ಅಂಗಡಿಗೆ ಹೊರಡುತ್ತಿದ್ದಳು. ಗಂಡನಿಗೆ ಬಂದ ಎರಡು ದಿನದಲ್ಲಿ ಕೆಳಗಿಳಿಯುವ ಪುರುಸೊತ್ತೂ ಇರಲಿಲ್ಲ. ಹುಡುಗಿ ಮೇಲಿನ ಮೆಟ್ಟಿಲು ದಾಟಿ ಎಂದೂ ಇಳಿಯುತ್ತಿರಲಿಲ್ಲ.

ಚಳಿ ಇಳಿಮುಖವಾದಾಗ, ಒಂದು ಸಂಜೆ ಹುಡುಗಿ ಶಾಲೆಯಿಂದ ನೇರ ಅಂಗಡಿಗೆ ಬಂದಳು. ಬಾಗಿಲಲ್ಲೇ ನಿಂತಳು. ಹನ್ನೆರಡು ವರ್ಷ, ಸ್ಕರ್ಟು ಮೊಣಕಾಲಿಗಿಂತ ಮೇಲೇರುವಷ್ಟು ಬೆಳೆದಿದ್ದಳು. "ಚಿಕ್ಕಮ್ಮ, ಈ ಸ್ಕರ್ಟ್ ಸ್ವಲ್ಪ ಉದ್ದ ಮಾಡಿಕೊಡ್ತೀರಾ? ಎಲ್ಲರೂ ನಗ್ತಾರೆ." ಮೊದಲ ಸಲ ಆ ಬಾಯಲ್ಲಿ "ಚಿಕ್ಕಮ್ಮ" ಬಂದದ್ದು ಹಾಗೆ. ಗುಂಡಿಯಮ್ಮ ಅವಳನ್ನು ಸ್ಟೂಲಿನ ಮೇಲೆ ಹತ್ತಿಸಿ, ಮೊಣಕಾಲೂರಿ ಕೂತು, ಸ್ಕರ್ಟಿನ ಅಂಚು ಬಿಚ್ಚಿದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಮಾತಾಡಬೇಕಾಗಲಿಲ್ಲ, ಅದೊಂದು ಪುಣ್ಯ. ಆ ಸಂಜೆ ಬೇಗ ಬಾಗಿಲು ಹಾಕಿ ಮನೆಗೆ ಓಡಿದಳು. ಕೋಟುಗಳನ್ನೆಲ್ಲ ಹೊರಗೆಳೆದು, ಬಾಟಲಿಗಳನ್ನು ಮೊದಲಿನ ಜಾಗಕ್ಕೆ ಮಲಗಿಸಿದಳು. ಎಲ್ಲ ಇದ್ದ ಹಾಗೇ ಇತ್ತು, ಧೂಳೊಂದು ಇರಲಿಲ್ಲ. ಒರೆಸಿದ ಧೂಳನ್ನು ಮತ್ತೆ ಹಾಕುವುದು ಹೇಗೆ?

ಆಮೇಲೆ ವರ್ಷಗಳು ಉರುಳಿದವು. ಮಗಳು ಓದಿದಳು, ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು, ಅಲ್ಲೇ ಒಬ್ಬನನ್ನು ಮೆಚ್ಚಿ ಮದುವೆಯಾದಳು. ಎರಡು ಬಸ್ಸು ಬದಲಿಸಿದರೆ ಅವಳ ಮನೆ. ಭಾನುವಾರ ತಪ್ಪದೆ ಬರುತ್ತಿದ್ದಳು. ಅಪ್ಪನನ್ನು "ನೀನು" ಎನ್ನುವವಳು, ಚಿಕ್ಕಮ್ಮನನ್ನು ಮಾತ್ರ "ನೀವು" ಎನ್ನುತ್ತಿದ್ದಳು. ಆದರೂ ಕಷ್ಟಸುಖ ಹೇಳಿಕೊಳ್ಳುತ್ತಿದ್ದುದು ಚಿಕ್ಕಮ್ಮನ ಹತ್ತಿರವೇ. ಅವಳು ಹಾಗೆ ಒಂದೊಂದು ಹೆಜ್ಜೆ ಹತ್ತಿರ ಬಂದಾಗಲೂ ಗುಂಡಿಯಮ್ಮನ ಎದೆಯಲ್ಲಿ ಆರು ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮದುವೆಯ ಸಮಯದಲ್ಲಿ ಅಪ್ಪ ಬಾಟಲಿ ತೆಗೆಯೋಣವೇ ಎಂದು ಕೇಳಿದ್ದ. ಈಗ ಬೇಡಪ್ಪ, ಇನ್ನೂ ಇರಲಿ ಎಂದಿದ್ದಳು ಮಗಳು. ಗುಂಡಿಯಮ್ಮ ಅವತ್ತು ಬಚಾವಾದೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಆ ರಾತ್ರಿಯೆಲ್ಲ ತನ್ನನ್ನು ತಾನೇ ಬೈದುಕೊಂಡಳು.

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು ಗೊತ್ತಲ್ಲ, ನುಂಗಲೂ ಆಗದು, ಉಗುಳಲೂ ಆಗದು. ಅವಳು ಇಪ್ಪತ್ತೊಂದು ವರ್ಷ ಹಾಗೇ ಬಾಯಿ ಮುಚ್ಚಿಕೊಂಡಿದ್ದಳು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಮಗಳು ಅಪ್ಪನ ಕುರ್ಚಿಯ ಪಕ್ಕ ಬಂದು ಕೂತಳು. "ಅಪ್ಪ, ಈ ವಾರ ನನಗೆ ಅಮ್ಮನಷ್ಟೇ ವಯಸ್ಸಾಯ್ತು. ಒಂದು ಬಾಟಲಿ ತೆಗೆಯೋಣ್ವಾ?"

ಅವನು ತಕ್ಷಣ ಎದ್ದ. ಮೊಣಕಾಲು ನೋವಿನವನು ಹದಿನಾಲ್ಕು ಮೆಟ್ಟಿಲು ತಾನೇ ಇಳಿದು, ಹಸುಗೂಸನ್ನು ತರುವ ಹಾಗೆ ಎರಡೂ ತೋಳಿನಲ್ಲಿ ಬಾಟಲಿ ಹೊತ್ತು ತಂದ. ಗುಂಡಿಯಮ್ಮ ಗಾಜಿನ ಲೋಟಗಳನ್ನು ತೊಳೆದದ್ದೇ ತೊಳೆದದ್ದು. ಮಗಳು ಕಾರ್ಕಿಗೆ ತಿರುಪು ಹಾಕಿದಳು. ಅರ್ಧ ಬಂದು ಮುರಿಯಿತು, ಉಳಿದರ್ಧ ಪುಡಿಯಾಯಿತು. ಚಹಾ ಸೋಸುವ ಜರಡಿ ಹಿಡಿದು ಬಗ್ಗಿಸಿದರು. ಲೋಟಕ್ಕೆ ಬಿದ್ದ ವೈನ್ ಬಿಳಿಯೂ ಅಲ್ಲ, ಹಳದಿಯೂ ಅಲ್ಲ, ಕಡು ಚಹಾದ ಬಣ್ಣ.

"ಹಳೇದಾದ್ರೆ ಬಿಳಿ ವೈನ್ ಬಣ್ಣ ಏರುತ್ತಂತೆ," ಎಂದ ಗಂಡ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂದು ಗುಟುಕು ಕುಡಿದ. "ಹುಳಿ ಇದೆ. ಕೊನೇಲಿ ಸ್ವಲ್ಪ ಕಹಿ. ಇನ್ನೇನಿದೆ, ನೀವು ಹೇಳಿ."

ಗುಂಡಿಯಮ್ಮ ಮೂಗಿನ ಹತ್ತಿರ ತಂದಾಗಲೇ ಗೊತ್ತಾಗಿಹೋಗಿತ್ತು. ನೆನೆದು ಮುಗ್ಗಿದ ರಟ್ಟಿನ ವಾಸನೆ. ಬಾಯಿಗೆ ಹಾಕಿಕೊಂಡರೆ ಜೀವವೇ ಇಲ್ಲ. ಸುಟ್ಟ ಸಕ್ಕರೆ ಕಲಸಿದ ಹಳಸು ನೀರಿನ ಹಾಗೆ ನಾಲಿಗೆಯ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು. ಅವಳು ಮಗಳ ಕಡೆ ನೋಡಿದಳು. ಮಗಳು ಮೊದಲ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಒಂದು ಕ್ಷಣ ಕಣ್ಣು ಮುಚ್ಚಿದ್ದಳು. ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು. ಅದು ಯಾವ ನೀರೆಂದು ಗುಂಡಿಯಮ್ಮನಿಗೆ ಚೆನ್ನಾಗಿ ತಿಳಿಯಿತು.

"ತುಂಬಾ ಚೆನ್ನಾಗಿದೆ ಅಪ್ಪ," ಎಂದಳು ಮಗಳು. "ಜೇನಿನ ಹಾಗಿದೆ. ಒಣದ್ರಾಕ್ಷಿ ವಾಸನೆ. ಅಲ್ವಾ ಚಿಕ್ಕಮ್ಮ?"

ಅವನು ಹೆಂಡತಿಯ ಮುಖ ನೋಡುತ್ತ ಕಾದ. ತುತ್ತು ತುತ್ತಿಗೂ ಅವನು ನಂಬುತ್ತ ಬಂದದ್ದು ಅವಳ ನಾಲಿಗೆಯನ್ನೇ.

"ಹೌದು," ಎಂದಳು ಗುಂಡಿಯಮ್ಮ. "ಜೇನಿನ ಹಾಗೇ ಇದೆ."

ತಾನು ಮಾಡಿದ ತಪ್ಪನ್ನು ಏನೂ ಅರಿಯದ ಮಗಳು ಅಪ್ಪನಿಗಾಗಿ ಸುಳ್ಳು ಹೇಳಿ ಮುಚ್ಚುತ್ತಿದ್ದಾಳೆ. ಆ ಸುಳ್ಳಿಗೆ ಸಾಕ್ಷಿಯಾಗಿ ತನ್ನನ್ನೇ ಕರೆಯುತ್ತಿದ್ದಾಳೆ. ಲೋಟದಲ್ಲಿ ಉಳಿದದ್ದನ್ನು ಗುಂಡಿಯಮ್ಮ ಒಂದೇ ಸಲಕ್ಕೆ ಕುಡಿದುಬಿಟ್ಟಳು. ಶಿಕ್ಷೆಯಲ್ಲಿ ಅಷ್ಟಾದರೂ ಆಗಲಿ ಎಂಬಂತೆ.

ಗಂಡನಿಗೆ ಮಾತು ಬಿಚ್ಚಿಕೊಂಡಿತು. ಇಷ್ಟು ವರ್ಷ ಯಾರಿಗೂ ಹೇಳಿರದ ಒಂದು ಸಂಗತಿ ಹೇಳುತ್ತೇನೆ ಎಂದ. ಬೇರೆ ಊರಿನ ಕೆಲಸ ಮುಗಿಸಿ ಬಂದ ವರ್ಷ ಅವನು ಒಮ್ಮೆ ಕೆಳಗಿಳಿದು ನೋಡಿದರೆ ಬಾಟಲಿಗಳ ಮೇಲೆ ಒಂದು ಕಣ ಧೂಳಿರಲಿಲ್ಲವಂತೆ. ಗಾಜು ಫಳಫಳ ಹೊಳೆಯುತ್ತಿತ್ತಂತೆ. ತಕ್ಷಣ ಅವನಿಗೆ ಹೊಳೆಯಿತಂತೆ, ಅಮ್ಮನ ಹೆಸರೇ ಎತ್ತದ ಈ ಹುಡುಗಿ ಯಾರೂ ಇಲ್ಲದಾಗ ಬಂದು ಅಮ್ಮನ ಬಾಟಲಿಗಳನ್ನು ಒರೆಸಿ ಹೋಗುತ್ತಾಳೆ ಎಂದು. "ನೀನು ಅಳ್ತಾನೇ ಇರ್ಲಿಲ್ಲ. ನನಗೆ ಭಯ ಆಗಿತ್ತು, ಈ ಮಗು ಕಲ್ಲಾಗಿಬಿಟ್ಟಿದೆಯೇನೋ ಅಂತ. ಅವತ್ತು ಅದನ್ನ ನೋಡಿ ಮೆಟ್ಟಿಲ ಮೇಲೆ ಕೂತು ನಾನೇ ಅತ್ತುಬಿಟ್ಟೆ. ಕೇಳಿದ್ರೆ ನಿನಗೆ ನಾಚಿಕೆ ಆದೀತು ಅಂತ ಕೇಳ್ಲಿಲ್ಲ."

ಮಗಳು ತನ್ನ ಲೋಟ ಕೆಳಗಿಟ್ಟಳು. "ಹೌದಪ್ಪ," ಎಂದಳು ಆಮೇಲೆ.

ಅವನು ಕುರ್ಚಿಯಲ್ಲೇ ತೂಕಡಿಸತೊಡಗಿದ. ಅಡುಗೆಮನೆಯಲ್ಲಿ ಗುಂಡಿಯಮ್ಮ ಲೋಟ ತೊಳೆದು ಕೊಡುತ್ತಿದ್ದಳು, ಮಗಳು ಒರೆಸುತ್ತಿದ್ದಳು. ಮಗಳು ತಗ್ಗಿದ ದನಿಯಲ್ಲಿ ಹೇಳಿದಳು, "ನಾನು ಒಂದು ಸಲಾನೂ ಕೆಳಗೆ ಹೋಗಿಲ್ಲ ಚಿಕ್ಕಮ್ಮ. ಅಮ್ಮನ ಅಕ್ಷರ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಒರೆಸ್ತಿದ್ದಿದ್ದು ನೀವಾ?"

ಹೌದು ಅಂದುಬಿಟ್ಟಿದ್ದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಮಗಳ ದನಿಯಲ್ಲಿ ಆಗಲೇ ಒಂದು ಮೆಚ್ಚುಗೆ ಏಳುತ್ತಿತ್ತು. ಆ ಮೆಚ್ಚುಗೆಯೇ ಗುಂಡಿಯಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ.

"ಒರೆಸಿದ್ದು ನಾನೇ. ಒಂದೇ ಸಲ. ಒರೆಸಿ ಬಾಯ್ಲರ್ ಮೇಲೆ ಇಟ್ಟೆ."

"ಯಾಕೆ, ಜಾಗ ಇರ್ಲಿಲ್ವಾ?"

"ಜಾಗ ಇತ್ತು. ಹಾಳಾಗ್ಲಿ ಅಂತ ಇಟ್ಟೆ."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಮಗಳು ಕೈ ಚಾಚಿ ಅದನ್ನು ನಿಲ್ಲಿಸಿದಳು. ಎಷ್ಟು ದಿನ ಎಂದು ಕೇಳಿದಳು. ಐದು ತಿಂಗಳು ಎಂದಳು ಗುಂಡಿಯಮ್ಮ. ಆರೂ ಬಾಟಲಿಯಾ ಎಂದು ಕೇಳಿದಳು. ಆರೂ ಎಂದಳು. ಮಗಳು ಒಣಗಿದ ಲೋಟವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

"ದಿನಾ ಕೆಳಗೆ ಹೋಗ್ತಿದ್ದೆ ಅಲ್ವಾ ನೀನು? ದಿನಾ ಅದನ್ನ ನೋಡ್ತಿದ್ದೆ."

ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಬಂದ "ನೀನು". ಈ ಏಕವಚನಕ್ಕಾಗಿ ಗುಂಡಿಯಮ್ಮ ಎಷ್ಟೋ ವರ್ಷ ಆಸೆಪಟ್ಟಿದ್ದಳು. ಬಂದದ್ದು ಹೀಗೆ.

ನೋಡ್ತಿದ್ದೆ ಎಂದಳು. ಈಗಲೇ ಹೋಗಿ ನಿಮ್ಮಪ್ಪನಿಗೂ ಎಲ್ಲ ಹೇಳಿಬಿಡುತ್ತೇನೆ ಎಂದಳು. ಕೈ ಒರೆಸಿಕೊಂಡು ಹೊರಟೂಬಿಟ್ಟಳು. ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಹೇಳ್ಬೇಡ. ಹೇಳಿದ್ರೆ ನೀನು ಹಗುರಾಗ್ತೀಯ. ಅವನಿಗೆ ಏನು ಉಳಿಯುತ್ತೆ? ನಾನು ಕೆಳಗೆ ಹೋಗಿ ಒರೆಸ್ತಿದ್ದೆ ಅಂತ ಇಪ್ಪತ್ತು ವರ್ಷದಿಂದ ಅಂದುಕೊಂಡಿದ್ದಾನೆ. ಅದು ಹಾಗೇ ಇರ್ಲಿ."

ಚೀಲ ಎತ್ತಿಕೊಂಡು, ಮಲಗಿದ್ದ ಅಪ್ಪನ ಹಣೆ ಮುಟ್ಟಿ, ಹೊರಟುಹೋದಳು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಪ್ಪನಿಗೆ ಫೋನ್ ಮಾಡುತ್ತಿದ್ದಳು, ಕೆಲಸ ಜಾಸ್ತಿ ಎನ್ನುತ್ತಿದ್ದಳಂತೆ. ಅವನು ಅದನ್ನು ನಂಬಿದ. ಬಂದವರಿಗೆಲ್ಲ ಬಾಟಲಿ ಒರೆಸುವ ಹುಡುಗಿಯ ಕತೆ ಹೇಳಿದ. ಅವನು ಹೇಳುವಾಗೆಲ್ಲ ಗುಂಡಿಯಮ್ಮ ಅಲ್ಲೇ ಕೂತಿರಬೇಕು. ತಪ್ಪೊಪ್ಪಿಕೊಂಡರೆ ಎದೆ ಹಗುರಾಗುತ್ತದೆ ಎಂದು ಅವಳು ಎಲ್ಲೋ ಕೇಳಿದ್ದಳು. ಅರ್ಧ ಒಪ್ಪಿಕೊಂಡರೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅಂಗಡಿಯಲ್ಲಿ ಒಂದು ಅಂಗಿಗೆ ಎಡತೋಳನ್ನು ಬಲಕ್ಕೆ ಹೊಲಿದಳು. ಬಿಚ್ಚಿ ಮತ್ತೆ ಹೊಲಿಯುವಾಗ ಬಟ್ಟೆಯಲ್ಲಿ ಹಳೆಯ ಹೊಲಿಗೆಯ ತೂತುಗಳು ಹಾಗೇ ಉಳಿದವು.

ನಾಲ್ಕನೆಯ ವಾರ, ಬುಧವಾರ ಮಧ್ಯಾಹ್ನ, ಮಗಳು ಅಂಗಡಿಗೇ ಬಂದಳು. ಕೆಲಸದ ಕೋಟು ಹಾಗೇ ಇತ್ತು, ತೋಳಿಗೆಲ್ಲ ಹಲ್ಲಿನ ಅಚ್ಚಿನ ಬಿಳಿ ಪುಡಿ. ಕೂರಲಿಲ್ಲ. ದೊಡ್ಡ ವೈನಂಗಡಿಯವನೊಬ್ಬನನ್ನು ಕೇಳಿದೆ ಎಂದಳು. ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದನಂತೆ. ಮನೆಯಲ್ಲಿ ಮಾಡಿದ ಬಿಳಿ ವೈನ್ ಇಪ್ಪತ್ತೇಳು ವರ್ಷ ಬಾಳುವುದೇ ಕಷ್ಟ, ಬಿಸಿ ತಾಗದಿದ್ದರೂ ಹೋಗಿರಬಹುದು. ಬಿಸಿ ತಾಗಿದ್ದಕ್ಕೇ ಹೋಗಿರಬಹುದು. ಕಾರ್ಕು ಗಟ್ಟಿಯಿದ್ದದ್ದು ಒಂದೆರಡು ಉಳಿದೂ ಇರಬಹುದು.

ಗುಂಡಿಯಮ್ಮನ ಮನಸ್ಸು ಆ ಮೊದಲ ಮಾತನ್ನು ಗಬಕ್ಕನೆ ಹಿಡಿದುಕೊಂಡಿತು: ತಾನು ಮಾಡದಿದ್ದರೂ ಹೋಗುತ್ತಿತ್ತು. ಹಿಡಿದುಕೊಂಡದ್ದು ಅವಳಿಗೇ ಗೊತ್ತಾಯಿತು, ನಾಚಿಕೆಯಾಯಿತು. "ಅವನೇನಾದ್ರೂ ಹೇಳ್ಲಿ. ನಾನು ಇಟ್ಟಿದ್ದು ಹಾಳಾಗ್ಲಿ ಅಂತಲೇ," ಎಂದಳು.

"ಗೊತ್ತು," ಎಂದಳು ಮಗಳು. "ಭಾನುವಾರ ಇನ್ನೊಂದು ತೆಗೆಯೋಣ."

ಈ ಸಲ ಮಗಳೇ ಕೆಳಗಿಳಿದು ತಂದಳು. ಹೋದವಳು ಬೇಗ ಬರಲಿಲ್ಲ. ಅಮ್ಮನ ಅಕ್ಷರದ ಮುಂದೆ ನಿಂತಿದ್ದಾಳೆಂದು ಮೇಲಿದ್ದವರಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಕರೆಯಲಿಲ್ಲ. ಕಾರ್ಕು ಇಡಿಯಾಗಿ ಬಂತು. ಲೋಟಕ್ಕೆ ಬಿದ್ದದ್ದು ಹಳೆಯ ಹಿತ್ತಾಳೆಯ ಬಣ್ಣ, ಒಳಗಿನಿಂದ ಬೆಳಕು ಬಂದಂತೆ. ಗುಂಡಿಯಮ್ಮ ಮೂಗಿನ ಹತ್ತಿರ ತಂದವಳು ಹಾಗೇ ನಿಂತುಬಿಟ್ಟಳು.

ಅದು ಬದುಕಿತ್ತು.

ಅವಳಿಗೆ ಹಗುರಾಗಬೇಕಿತ್ತು. ಆಗಿದ್ದೇ ಬೇರೆ. ಏನನ್ನು ಹಾಳುಮಾಡಲು ಹೊರಟಿದ್ದಳೋ ಅದು ಎಂಥದ್ದೆಂದು ಅವಳು ಇಲ್ಲಿಯವರೆಗೆ ತಿಳಿದಿರಲಿಲ್ಲ. ಎಂದೂ ನೋಡದ ಒಬ್ಬ ಹೆಂಗಸು ಎದುರು ಬಂದು ಕೂತು, ಒಂದೂ ಆಕ್ಷೇಪಣೆಯಿಲ್ಲದೆ, ತಾನು ಮಾಡಿದ ವೈನನ್ನು ಇವಳ ಕೈಯಲ್ಲಿಟ್ಟಂತಾಯಿತು. ಬೈದಿದ್ದರೆ ವಾಸಿಯಿತ್ತು.

ಗಂಡ ಒಂದು ಗುಟುಕು ಕುಡಿದು ನಾಲಿಗೆ ಆಡಿಸಿದ. "ಹುಳಿ ಚುರುಕಾಗಿದೆ. ಹೋದ ಸಲಕ್ಕಿಂತ ಚೆನ್ನಾಗಿದ್ಯಾ?"

ಗುಂಡಿಯಮ್ಮ ಲೋಟ ಕೆಳಗಿಟ್ಟಳು. "ಹೋದ ಸಲ ನಾನು ಸುಳ್ಳು ಹೇಳಿದೆ ರೀ. ಅದು ಹಾಳಾಗಿತ್ತು."

ಮಗಳು ಸರಕ್ಕನೆ ತಲೆಯೆತ್ತಿದಳು. ಗುಂಡಿಯಮ್ಮ ಅಷ್ಟಕ್ಕೇ ನಿಲ್ಲಿಸಿದಳು. ನಾಲಿಗೆಯ ತುದಿಗೆ ಬಂದಿದ್ದ ಉಳಿದದ್ದನ್ನು ಮಗಳು ಹೇಳಿದ್ದ ಮಾತಿಗೆ ಕಟ್ಟುಬಿದ್ದು ನುಂಗಿದಳು.

ಅವನು ನಕ್ಕ. "ಮೂಗು ಹೋಗಿದೆ ಕಣೇ, ಕಣ್ಣು ಇದೆಯಲ್ಲ. ನಿಮ್ಮಿಬ್ಬರ ಮುಖ ನೋಡಿದಾಗಲೇ ಗೊತ್ತಾಯ್ತು. ನನಗೋಸ್ಕರ ಅಷ್ಟು ಕಷ್ಟಪಡ್ತಿದ್ದೀರಲ್ಲ, ಯಾಕೆ ಕೆಡಿಸ್ಲಿ ಅಂತ ಸುಮ್ಮನಿದ್ದೆ. ಈಗ ಇದನ್ನ ಸರಿಯಾಗಿ ಹೇಳು."

ಅವಳು ಹೇಳಿದಳು. ಅವಸರ ಮಾಡಲಿಲ್ಲ. ಮೊದಲು ಜೇನು ಅನ್ನಿಸುತ್ತದೆ, ಆದರೆ ಬಾಯಲ್ಲಿ ಸಿಹಿಯಿಲ್ಲ. ಜೇನು ಖಾಲಿಯಾದ ಭರಣಿಯನ್ನು ಮೂಸಿದ ಹಾಗೆ ಎಂದಳು. ಆಮೇಲೆ ಅಕ್ರೋಟಿನ ಸಿಪ್ಪೆಯ ಒಗರು. ಕಿತ್ತಳೆ ಸಿಪ್ಪೆ ಒಣಗಿದಾಗ ಬರುವ ವಾಸನೆ, ದೂರದಲ್ಲ, ಪಕ್ಕದ ಕೋಣೆಯಲ್ಲಿ ಇಟ್ಟಷ್ಟು. ಇಸ್ತ್ರಿ ಹಾಕಿ ಈಗಷ್ಟೇ ಮಡಿಸಿದ ಹತ್ತಿ ಬಟ್ಟೆಯ ಬಿಸಿ ಕೂಡ ಎಲ್ಲೋ ಇದೆ ಎಂದಳು. ನುಂಗಿದ ಮೇಲೂ ಹೋಗುವುದಿಲ್ಲ, ನಿಂತೇ ಇರುತ್ತದೆ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಮಗಳೂ ಕೇಳುತ್ತಿದ್ದಳು, ತನ್ನ ಲೋಟದಿಂದ ಒಂದೊಂದೇ ಹನಿ ಕುಡಿಯುತ್ತ, ಚಿಕ್ಕಮ್ಮ ಹೇಳಿದ ಒಂದೊಂದನ್ನೂ ಅದರಲ್ಲಿ ಹುಡುಕುವವಳ ಹಾಗೆ. ಕಿತ್ತಳೆಗೆ ತಲೆಯಾಡಿಸಿದಳು. ಹತ್ತಿ ಬಟ್ಟೆಗೆ ಇಲ್ಲ ಎಂದಳು.

ಸಂಜೆ ಗುಂಡಿಯಮ್ಮ ಮಗಳನ್ನು ಬಸ್ ನಿಲ್ದಾಣದವರೆಗೆ ಬಿಡಲು ಹೋದಳು. ಅಗಲವಿಲ್ಲದ ಕಾಲುದಾರಿ, ಒಬ್ಬರ ಹಿಂದೊಬ್ಬರು ನಡೆದರು. ನಿಲ್ದಾಣದಲ್ಲಿ ನಿಂತಾಗ ಗುಂಡಿಯಮ್ಮ ಇಪ್ಪತ್ತೊಂದು ವರ್ಷದಿಂದ ಮನಸ್ಸಿನಲ್ಲೇ ಹೇಳಿ ಹೇಳಿ ಸವೆಸಿದ್ದ ಮಾತನ್ನು ಶುರುಮಾಡಿದಳು. ಎರಡು ಶಬ್ದ ಬಂದಿತ್ತು, ಅಷ್ಟರಲ್ಲಿ ಮಗಳು ಅವಳ ಮುಂಗೈ ಹಿಡಿದಳು.

"ಬೇಡ ಚಿಕ್ಕಮ್ಮ. ಇವತ್ತು ಬೇಡ. ಇನ್ನೂ ಸಿಟ್ಟಿದೆ ನನಗೆ."

ಬಸ್ಸು ಬಂತು. ಮಗಳು ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದು, ಭಾನುವಾರ ಬರ್ತೀನಿ ಎಂದು ಕೈಸನ್ನೆ ಮಾಡಿದಳು. ಗುಂಡಿಯಮ್ಮ ತಲೆಯಾಡಿಸಿದಳು, ಮತ್ತು ಬಸ್ಸು ಮೂಲೆ ತಿರುಗುವವರೆಗೂ ಅಲ್ಲೇ ನಿಂತಿದ್ದಳು.